ಕೈಯ ಹದ

ಕನ್ನಡದಲ್ಲಿ ‘ಹದ’ ಎಂಬ ಪುಟ್ಟ ಪದವೊಂದಿದೆ. ಮಳೆ ಬಿದ್ದು ಒಂದೆರಡು ದಿನ ಕಳೆದ ಮೇಲೆ ನೆಲ ಹದಕ್ಕೆ ಬಂತೆಂದು ರೈತ ಹೇಳುತ್ತಾನೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಪಾಕದ ಹನಿಯನ್ನು ನೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ, ಹದವನ್ನು ತಿಳಿಯುತ್ತಾನೆ. ಹದವೆಂಬುದು ಅಳತೆಯಲ್ಲ; ಆದರೆ ಅಳತೆಗಿಂತ ಕಡಿಮೆ ನಿಖರವಾದುದೂ ಅಲ್ಲ. ಮಣ್ಣಿಗೂ ಬೆಲ್ಲಕ್ಕೂ ಧಾರಾಳವಾಗಿ ಸಲ್ಲಿಸುವ ಈ ಮಾತನ್ನು ಯಂತ್ರಕ್ಕೆ ಸಲ್ಲಿಸಲು ಮಾತ್ರ ನಾವು ಅದೇಕೋ ಹಿಂಜರಿಯುತ್ತೇವೆ. ಯಂತ್ರವೆಂದರೆ ಕಬ್ಬಿಣ, ಕಬ್ಬಿಣವೆಂದರೆ ಕಠಿಣ, ಕಠಿಣವಾದುದಕ್ಕೆ ಬಲವೇ ಮದ್ದು ಎಂಬುದು ನಮ್ಮಲ್ಲಿ ರೂಢಿಯಾಗಿರುವ ತರ್ಕ. ಯಂತ್ರಗಳೊಡನೆ ಬಾಳುವೆ ಮಾಡುವವರನ್ನು ಹಲವು ವರ್ಷ ಹತ್ತಿರದಿಂದ ನೋಡಿದ ನನಗೆ ಈ ತರ್ಕ ತಲೆಕೆಳಗಾದುದೆಂದು ತೋರಿದೆ.

ಒಂದೇ ಯಂತ್ರ ಒಬ್ಬರ ಕೈಯಲ್ಲಿ ಇಪ್ಪತ್ತು ವರ್ಷ ನಡೆಯುತ್ತದೆ, ಇನ್ನೊಬ್ಬರ ಕೈಯಲ್ಲಿ ಎರಡೇ ವರ್ಷಕ್ಕೆ ಮೂಲೆ ಸೇರುತ್ತದೆ. ಇದನ್ನು ಕಂಡ ಜನ ‘ಕೈಗುಣ’ ಎಂದು ಹೇಳಿ ಸುಮ್ಮನಾಗುತ್ತಾರೆ. ವೈದ್ಯರ ವಿಷಯದಲ್ಲಿಯೂ ಬಳಕೆಯಲ್ಲಿರುವ ಈ ಮಾತು ಬಲು ಸೊಗಸಾದುದು. ಆದರೆ ವಿಚಾರವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಆ ಕೈಗುಣದ ಒಳಗೆ ಏನಿದೆ ಎಂದು ಸ್ವಲ್ಪ ಬಿಡಿಸಿ ನೋಡೋಣ.

ಬೋಲ್ಟಿಗೆ ನಟ್ಟು ಹಾಕಿ ಬಿಗಿಯುವಂಥ ಸಾಮಾನ್ಯ ಕೆಲಸವನ್ನೇ ತೆಗೆದುಕೊಳ್ಳಬಹುದು. ನಟ್ಟು ತನ್ನ ನೆಲೆಗೆ ತಾಗುವವರೆಗೆ ಬೆರಳಿಗೆ ಹಗುರವಾಗಿ ತಿರುಗುತ್ತದೆ. ತಾಗಿದ ಮೇಲೆ ಸ್ಪ್ಯಾನರಿನಿಂದ ತಿರುಗಿಸಿದಷ್ಟೂ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದಕ್ಕೆ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮರಳಿ ಕುಗ್ಗಲೆಳಸುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒಂದಾಗಿ ಹಿಡಿದಿಡುವುದು. ಅಂದರೆ ಬೋಲ್ಟು ಬರಿಯ ಮೊಳೆಯಲ್ಲ, ಬಲು ಬಿರುಸಾದ ಒಂದು ಸ್ಪ್ರಿಂಗು. ಎಳೆತ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹಿಗ್ಗು ಹೆಚ್ಚುವುದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿಯೇ ಪ್ರಕಟಿಸಿದ್ದನು. ಆದರೆ ಈ ನಿಯಮಕ್ಕೊಂದು ಎಲ್ಲೆಯಿದೆ. ಅದನ್ನು ದಾಟಿದ ಲೋಹ ಮತ್ತೆ ತನ್ನ ಮೊದಲಿನ ಉದ್ದಕ್ಕೆ ಮರಳದು. ಅಲ್ಲಿಯವರೆಗೆ ಒಂದೇ ಸಮನೆ ಏರುತ್ತಿದ್ದ ಪ್ರತಿರೋಧ ಆಗ ಇದ್ದಕ್ಕಿದ್ದಂತೆ ಏರದೆ ನಿಲ್ಲುತ್ತದೆ, ಸ್ಪ್ಯಾನರು ಮೆತ್ತಗೆ ಹೊರಳುತ್ತದೆ. ಅರಿಯದವನು ‘ಇನ್ನೂ ಬಿಗಿಯಾಗಿಲ್ಲ’ ಎಂದುಕೊಂಡು ಮತ್ತೊಂದು ಸುತ್ತು ಕೊಡುತ್ತಾನೆ. ಬೋಲ್ಟು ಕೈಗೆ ಬರುತ್ತದೆ. ಬಲ್ಲವನ ಕೈ ಆ ಎಲ್ಲೆಗೆ ಬಹಳ ಮುಂಚೆಯೇ ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಸ್ಪ್ಯಾನರಿನ ಮೇಲೆ ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ಸಲ್ಲುತ್ತದೆ. ಉಳಿದುದೆಲ್ಲ ನಟ್ಟಿನ ಅಡಿಯಲ್ಲಿಯೂ ಥ್ರೆಡ್ಡು ಎಂದು ಕರೆಯುವ ಸುರುಳಿಗೆರೆಗಳಲ್ಲಿಯೂ ನಡೆಯುವ ಘರ್ಷಣೆಗೆ ವ್ಯಯವಾಗುತ್ತದೆ. ಆದ್ದರಿಂದ ಗೆರೆಗಳಲ್ಲಿ ತುಕ್ಕು, ಮರಳು ಇದ್ದರೆ ಬಿಗಿಯಾಗದಿದ್ದರೂ ಬಿಗಿಯಾದಂತೆ ಕೈಗೆ ಭಾಸವಾಗುತ್ತದೆ. ಒಂದು ಹನಿ ಎಣ್ಣೆ ಬಿದ್ದಿದ್ದರೆ ಅಷ್ಟೇ ಬಲಕ್ಕೆ ಬೋಲ್ಟು ಹೆಚ್ಚು ಹಿಗ್ಗುತ್ತದೆ. ನುರಿತ ಕೆಲಸಗಾರ ಬಿಗಿಯುವ ಮೊದಲು ಚಿಂದಿಬಟ್ಟೆಯಿಂದ ಗೆರೆಗಳನ್ನು ಒರೆಸಿಕೊಳ್ಳುವುದು ಬರಿಯ ಶುಚಿತ್ವಕ್ಕಲ್ಲ. ಕೈಗೆ ಬರುವ ಸುದ್ದಿ ಸುಳ್ಳಾಗಬಾರದೆಂದು ಅವನು ಹಾಗೆ ಮಾಡುತ್ತಾನೆ.

ಲೋಹಗಳಿಗೂ ಮನುಷ್ಯರಂತೆ ಬೇರೆ ಬೇರೆ ಸ್ವಭಾವಗಳಿವೆ. ಉಕ್ಕು ಸಹಿಷ್ಣು; ಸೋಲುವ ಮುನ್ನ ಸೂಚನೆ ಕೊಡುತ್ತದೆ. ಬೀಡುಕಬ್ಬಿಣ ಎಷ್ಟು ಭಾರವನ್ನಾದರೂ ಹೊರುತ್ತದೆ, ಆದರೆ ಬಾಗೆಂದರೆ ಬಾಗದು; ಸೂಚನೆಯಿಲ್ಲದೆ ಸೀಳುತ್ತದೆ. ಸಮನಾಗಿಲ್ಲದ ಕಟ್ಟೆಯ ಮೇಲೆ ಪಂಪನ್ನಿಟ್ಟು, ಅಡಿಗೆ ಚಕ್ಕೆ ಕೊಡದೆ, ಒಂದೇ ಮೂಲೆಯ ಬೋಲ್ಟನ್ನು ಬಿಗಿಯುತ್ತ ಹೋದರೆ ಅದರ ಪಾದ ಬಿರುಕುಬಿಡುವುದು ಈ ಕಾರಣದಿಂದಲೇ. ಹಿತ್ತಾಳೆ ಮೃದು; ಅಳತೆಗೆ ಹೊಂದದ ತಿರುಪುಳಿ ಅದರ ತಲೆಯ ಸೀಳನ್ನು ತಿಂದುಹಾಕುತ್ತದೆ. ಅಲ್ಯೂಮಿನಿಯಮ್ಮಿನ ಕಥೆ ಇನ್ನೂ ನಾಜೂಕು. ಮೋಟಾರ್‌ಸೈಕಲ್ಲಿನ ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಅದರೊಳಗೆ ಕೂರುವ ಸ್ಪಾರ್ಕ್ ಪ್ಲಗ್ಗು ಉಕ್ಕಿನದು. ಪ್ಲಗ್ಗು ಓರೆಯಾಗಿ ಹತ್ತಿಕೊಂಡರೆ ಗೆಲ್ಲುವುದು ಉಕ್ಕು, ಹಾಳಾಗುವುದು ಎಂಜಿನ್ನು. ಬಲ್ಲವರು ಎಂಜಿನ್ನು ತಣ್ಣಗಾಗುವವರೆಗೆ ಕಾದು, ಪ್ಲಗ್ಗನ್ನು ಬರಿಗೈಯಲ್ಲಿ ಇಟ್ಟು, ಮೊದಲು ಹಿಮ್ಮುಖವಾಗಿ ತಿರುಗಿಸುತ್ತಾರೆ. ಒಂದೆಡೆ ‘ಟಿಕ್’ ಎಂದು ಸಣ್ಣಗೆ ಇಳಿದ ಅನುಭವ ಬೆರಳಿಗಾಗುತ್ತದೆ. ಗೆರೆಯ ಬಾಯಿಗೆ ಗೆರೆ ಕೂಡಿತೆಂದು ಅದರ ಅರ್ಥ. ಅಲ್ಲಿಂದ ಮುಮ್ಮುಖವಾಗಿ ಬೆರಳಿನಲ್ಲಿಯೇ ಕೆಲವು ಸುತ್ತು ಹೋದ ಮೇಲೆ ಮಾತ್ರ ಸ್ಪ್ಯಾನರಿನ ಸರದಿ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿಗಳನ್ನು ಇಂದಿಗೂ ಓಡಿಸುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಗಿಯುವುದಕ್ಕಿಂತಲೂ ಬಿಚ್ಚುವಾಗ ಕೈಯ ಪರೀಕ್ಷೆ ಹೆಚ್ಚು. ಪಂಪುಗಳನ್ನು ದುರಸ್ತಿ ಮಾಡುವ ಅಂಗಡಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟೊಂದನ್ನು ಬಿಚ್ಚಲು ಹುಡುಗನೊಬ್ಬ ಸ್ಪ್ಯಾನರಿಗೆ ಮಾರುದ್ದದ ಪೈಪು ತೊಡಿಸಿ ಜಗ್ಗುತ್ತಿದ್ದ. ಪಂಪಿನ ಒಡೆಯ ಬಾಗಿಲಲ್ಲೇ ನಿಂತಿದ್ದ. ಅವನ ಗದ್ದೆಯಲ್ಲಿ ಪೈರು ನೀರಿಗೆ ಕಾಯುತ್ತಿತ್ತು. ಹಿರಿಯ ಮೇಸ್ತ್ರಿ ಎದ್ದು ಬಂದು, “ಪೈಪು ತೆಗೆಯೋ. ಬರೋಲ್ಲ ಅಂತ ಅದು ಹೇಳ್ತಾ ಇದೆ, ಕೇಳಿಸ್ತಾ ಇಲ್ವಾ?” ಎಂದರು. ನಟ್ಟಿನ ಬುಡಕ್ಕೆ ಸೀಮೆಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟಿ, ಮರುದಿನ ಬರುವಂತೆ ಒಡೆಯನಿಗೆ ಹೇಳಿದರು. ಬೆಳಿಗ್ಗೆ ನಟ್ಟನ್ನು ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಒತ್ತಿ, ಅನಂತರ ಬಿಚ್ಚುವ ಕಡೆಗೆ ತಿರುಗಿಸಿದರು, ಬಂತು. ಇದರಲ್ಲಿ ಮಂತ್ರವೇನೂ ಇಲ್ಲ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹೆಚ್ಚು ಜಾಗ ಬೇಕು. ಗೆರೆಗಳ ಸಂದಿನಲ್ಲಿ ಉಬ್ಬಿಕೊಂಡು ಅದು ಬೆಣೆಯಂತೆ ಕೂತಿರುತ್ತದೆ. ತಟ್ಟಿದಾಗ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ, ಇಳಿಯಲು ಹೊತ್ತು ಬೇಕು. ಆ ಹೊತ್ತನ್ನು ಕೊಡಲಾರದವನು ಸ್ಟಡ್ಡನ್ನು ಮುರಿಯುತ್ತಾನೆ. ಮುರಿದ ಸ್ಟಡ್ಡನ್ನು ಕೊರೆದು ತೆಗೆಯಲು ಹಿಡಿಯುವ ದಿನಗಳನ್ನು ಪೈರು ಕಾಯಲಾರದು.

ಹಾಗಾದರೆ ಇದು ಹುಟ್ಟುಗುಣವೋ ಕಲಿತದ್ದೋ? ಸ್ಪರ್ಶದ ಸೂಕ್ಷ್ಮತೆ ಎಲ್ಲರ ಬೆರಳಿನಲ್ಲಿಯೂ ಇದೆ; ಕಣ್ಣಿಗೆ ಕಾಣದ ಏರುಪೇರನ್ನು ಬೆರಳ ತುದಿ ಗುರುತಿಸಬಲ್ಲುದು. ತಿರುಪುಗಳ ಗೆರೆಗಳಿಗೆ ಏಕರೂಪದ ಅಳತೆಯನ್ನು ೧೮೪೧ರಲ್ಲಿ ಸೂಚಿಸಿದ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್, ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲನ್ನು ಅಳೆಯುವ ಯಂತ್ರ ಕಟ್ಟಿದಾಗ ನೆಚ್ಚಿಕೊಂಡದ್ದು ನೋಟವನ್ನಲ್ಲ, ಸ್ಪರ್ಶವನ್ನು. ಎರಡು ಮುಖಗಳ ನಡುವೆ ತೆಳುವಾದ ಉಕ್ಕಿನ ತುಂಡೊಂದು ಸಿಕ್ಕಿಕೊಂಡು ನಿಲ್ಲುವುದೋ, ಜಾರಿ ಬೀಳುವುದೋ ಎಂಬುದೇ ಅಲ್ಲಿ ನಿರ್ಣಾಯಕ. ಆದರೆ ಸೂಕ್ಷ್ಮತೆ ಇದ್ದ ಮಾತ್ರಕ್ಕೆ ಹದ ಬರುವುದಿಲ್ಲ. ಐ.ಟಿ.ಐ.ಗಳಲ್ಲಿ ಫಿಟ್ಟರ್ ಕಲಿಯಲು ಬಂದವನ ಕೈಗೆ ಮೊದಲು ಒಂದು ಅರ ಮತ್ತು ಒಂದು ಉಕ್ಕಿನ ತುಂಡನ್ನು ಕೊಟ್ಟು, ಚಪ್ಪಟೆಯಾಗುವವರೆಗೆ ಉಜ್ಜೆನ್ನುತ್ತಾರೆ. ಶಿಕ್ಷೆಯಂತೆ ಕಾಣುವ ಈ ಪಾಠದಲ್ಲಿ ನಯವಾಗುವುದು ಉಕ್ಕಿಗಿಂತ ಹೆಚ್ಚಾಗಿ ಅವನ ಕೈ.

ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇರುವಾಗ ಕೈಯ ಹದವೇಕೆಂದು ಕೇಳಬಹುದು. ಉಪಕರಣ ಬೇಕು, ಬೇಕೇ ಬೇಕು. ಆದರೆ ಅದರ ಹಿಂದೆ ಇನ್ನೊಂದು ಎಚ್ಚರವೂ ಇರಬೇಕು. ೧೯೯೦ರ ಜೂನ್ ೧೦ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಕ್ಕೆ ಹೊರಟ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧದೇಹ ಹೊರಕ್ಕೆಳೆಯಲ್ಪಟ್ಟು ತೂಗಿದರು. ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡರು, ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ತನಿಖೆಯಲ್ಲಿ ತಿಳಿದದ್ದು ಇಷ್ಟು: ಹಾರಾಟಕ್ಕೆ ೨೭ ಗಂಟೆ ಮೊದಲು ಆ ಗಾಜನ್ನು ಬದಲಿಸಲಾಗಿತ್ತು, ಅದನ್ನು ಹಿಡಿದ ೯೦ ಬೋಲ್ಟುಗಳಲ್ಲಿ ೮೪ರ ದಪ್ಪ ಇರಬೇಕಾದುದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಬೋಲ್ಟುಗಳನ್ನು ಕಣ್ಣಳತೆಯಲ್ಲಿ ಆರಿಸಲಾಗಿತ್ತು. ಬಿಗಿದದ್ದು ಬಲದ ಮಿತಿ ಇಟ್ಟ ತಿರುಪುಳಿಯಿಂದಲೇ. ಆದರೆ ಮಿತಿ ಮುಟ್ಟಿದಾಗ ತಿರುಪುಳಿ ಕೊಡುವ ಸದ್ದೂ, ಸಣ್ಣ ಬೋಲ್ಟಿನ ಗೆರೆ ದೊಡ್ಡ ನಟ್ಟಿನಲ್ಲಿ ಜಾರುವ ಸದ್ದೂ ಕೈಗೆ ಒಂದೇ ಬಗೆಯಾಗಿ ತೋರುವಂಥವು. ಏರುಪೀಠದ ಮೇಲಿಂದ ಮೈ ಚಾಚಿ, ಆಯತಪ್ಪಿದ ಭಂಗಿಯಲ್ಲಿ ದುಡಿಯುವ ಕೈಗೆ ಆ ವ್ಯತ್ಯಾಸ ತಿಳಿಯುವುದು ಎಲ್ಲಿಂದ? ಹದವೆಂಬುದು ಬೆರಳಿನಲ್ಲಿ ಮಾತ್ರವಿಲ್ಲ. ನಿಲ್ಲಲು ನೆಲ, ನೋಡಲು ಬೆಳಕು, ಅವಸರವಿಲ್ಲದ ಹೊತ್ತು, ಇವನ್ನು ಕೆಲಸಗಾರನಿಗೆ ಒದಗಿಸುವುದೂ ಹದದ ಒಂದು ಭಾಗ.

ಓದುಬರಹದವರಾದ ನಾವು ಜ್ಞಾನವೆಂದರೆ ಮಾತಿನಲ್ಲಿ ಹೇಳಬಹುದಾದುದು ಎಂದು ನಂಬಿದ್ದೇವೆ. ಹೇಳಲು ಬಾರದ್ದನ್ನು ‘ಕೈಕೆಲಸ’ ಎಂದು ಒಂದು ಮೆಟ್ಟಿಲು ಕೆಳಗಿಡುತ್ತೇವೆ. ಆ ಮೇಸ್ತ್ರಿಯ ಕೈಯಲ್ಲಿ ಘರ್ಷಣೆ, ಸ್ಥಿತಿಸ್ಥಾಪಕತ್ವ, ತುಕ್ಕಿನ ರಸಾಯನ ಎಲ್ಲವೂ ಇದ್ದವು; ಹೆಸರುಗಳಷ್ಟೇ ಇರಲಿಲ್ಲ. ಅಂಥ ಕೈಗಳ ಪಕ್ಕದಲ್ಲಿ ಕಲಿಯುವವರು ನಿಂತಿರಬೇಕು. ಇಲ್ಲವಾದರೆ ಆ ವಿದ್ಯೆ ಕೈಯೊಡನೆಯೇ ಹೋಗುತ್ತದೆ, ಯಾವ ಗ್ರಂಥದಲ್ಲಿಯೂ ಉಳಿಯುವುದಿಲ್ಲ.

ಇದರ ಮೊದಲ ಪಾಠಕ್ಕೆ ಕಾರ್ಖಾನೆಗೆ ಹೋಗಬೇಕಾದ್ದಿಲ್ಲ. ತಿರುಗಿಸಿ ನಿಲ್ಲಿಸುವ ಹಳೆಯ ಬಗೆಯ ನಲ್ಲಿಯೊಂದು ಮನೆಯಲ್ಲಿದ್ದರೆ ಸಾಕು. ನೀರು ನಿಂತ ಮೇಲೂ ಅದನ್ನು ಮತ್ತೊಮ್ಮೆ ಹಿಂಡುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಒಳಗಿನ ವಾಷರು ಅದರಿಂದ ಜಜ್ಜಿಹೋಗುತ್ತದೆ, ನಲ್ಲಿ ತೊಟ್ಟಿಕ್ಕತೊಡಗುತ್ತದೆ, ತೊಟ್ಟಿಕ್ಕುವುದನ್ನು ಕಂಡು ಮುಂದಿನವರು ಇನ್ನೂ ಬಲವಾಗಿ ಹಿಂಡುತ್ತಾರೆ. ನಾಳೆ ಬೆಳಿಗ್ಗೆ ಕೊಡ ತುಂಬಿದ ಮೇಲೆ ನಲ್ಲಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ನೀರು ನಿಂತ ಆ ಕ್ಷಣ ಕೈಗೆ ತಿಳಿಯುತ್ತದೆ. ಅಲ್ಲಿಗೆ ಬಿಡಿ.