ಮೋಟಾರು ಕಾರಿನ ರೋಗನಿದಾನ

ಮದ್ದು ಕೊಡುವುದಕ್ಕೆ ಮೊದಲು ರೋಗವನ್ನು ಗೊತ್ತುಮಾಡಬೇಕು ಎಂಬುದು ನಮ್ಮ ಆಯುರ್ವೇದದ ಮೊದಲನೆಯ ಪಾಠ. ಇದಕ್ಕಾಗಿ ಆ ಶಾಸ್ತ್ರವು ಐದು ಸಾಧನಗಳನ್ನು ಹೇಳಿ, ಅವುಗಳಿಗೆ ನಿದಾನಪಂಚಕವೆಂದು ಹೆಸರಿಟ್ಟಿದೆ. ರೋಗಕ್ಕೆ ಕಾರಣವಾದುದು ನಿದಾನ. ರೋಗವು ಬಲಿಯುವುದಕ್ಕೆ ಮುಂಚೆ ತೋರುವ ಸೂಚನೆ ಪೂರ್ವರೂಪ. ಬಂದಮೇಲೆ ಕಾಣುವ ಲಕ್ಷಣ ರೂಪ. ಹಿತವಾಗುವುದೋ ಇಲ್ಲವೋ ಎಂದು ಮಾಡಿ ನೋಡುವ ಪ್ರಯೋಗ ಉಪಶಯ. ಒಳಗೆ ರೋಗವು ಬೆಳೆದ ಕ್ರಮ ಸಂಪ್ರಾಪ್ತಿ. ಮನುಷ್ಯ ದೇಹಕ್ಕಾಗಿ ಹುಟ್ಟಿದ ಈ ವಿಚಾರಕ್ರಮವು ನಮ್ಮ ಮನೆಯ ಮುಂದೆ ನಿಂತಿರುವ ಮೋಟಾರು ಕಾರಿಗೂ ಚೆನ್ನಾಗಿ ಒಪ್ಪುತ್ತದೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕಾರು ಈಗ ವಿಲಾಸದ ವಸ್ತುವಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದ ಮೇಲೆ ಮಧ್ಯಮ ವರ್ಗದ ಸಂಸಾರಗಳಿಗೂ ಅದು ಎಟುಕಿತು. ಆದರೆ ಕಾರನ್ನು ಬಳಸುವಷ್ಟು ನಾವು ಅದನ್ನು ಬಲ್ಲವರಾಗಿಲ್ಲ. ಇಂಜಿನು ಸ್ವಲ್ಪ ಕೆಮ್ಮಿದರೆ ಮೆಕ್ಯಾನಿಕನ ಬಳಿಗೆ ಹೋಗಿ, “ಏನೋ ಸದ್ದು ಬರುತ್ತದೆ, ನೋಡಿ” ಎಂದುಬಿಡುತ್ತೇವೆ. ಅವನು ಊಹಿಸಬೇಕು, ಊಹೆಯಿಂದ ಒಂದು ಭಾಗವನ್ನು ಬದಲಾಯಿಸುತ್ತಾನೆ, ವಾಸಿಯಾಗದಿದ್ದರೆ ಇನ್ನೊಂದನ್ನು. ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲಿ ಬಿಡಿಭಾಗಗಳಿಗೆ ಕೊರತೆಯಿಲ್ಲದಿರುವುದರಿಂದ ಈ ಪ್ರಯೋಗಕ್ಕೆ ಕೊನೆಯೂ ಇಲ್ಲ. ಹಣವು ನಮ್ಮದು ಹೋಗುತ್ತದೆ, ದೋಷವು ಹಾಗೆಯೇ ಉಳಿಯುತ್ತದೆ. ಶ್ರೋತೃಗಳೆಲ್ಲರೂ ಸ್ಪ್ಯಾನರು ಹಿಡಿದು ಇಂಜಿನನ್ನು ಬಿಚ್ಚಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಯಾವ ಲಕ್ಷಣಕ್ಕೆ ಕಾರನ್ನು ಒಡನೆಯೇ ನಿಲ್ಲಿಸಬೇಕು, ಯಾವುದನ್ನು ಸಾವಕಾಶವಾಗಿ ಪರೀಕ್ಷಿಸಬಹುದು ಎಂಬ ವಿವೇಕವು ಇದ್ದರೆ ಸಾಕು.

ಪೆಟ್ರೋಲು ಇಂಜಿನು ನಡೆಯಬೇಕಾದರೆ ನಾಲ್ಕು ವಸ್ತುಗಳು ಕೂಡಬೇಕು: ಗಾಳಿ, ಪೆಟ್ರೋಲು, ಸಕಾಲದಲ್ಲಿ ಹತ್ತುವ ಕಿಡಿ, ಸಿಲಿಂಡರಿನ ಒಳಗಿನ ಒತ್ತಡ. 1876ರಲ್ಲಿ ಜರ್ಮನಿಯ ನಿಕೊಲಾಸ್ ಓಟ್ಟೋ ನಾಲ್ಕು ಹೊಡೆತಗಳ ಇಂಜಿನನ್ನು ನಡೆಸಿ ತೋರಿಸಿದಾಗಿನಿಂದ ಇಂದಿನವರೆಗೂ ಈ ತತ್ತ್ವವು ಬದಲಾಗಿಲ್ಲ. ಇಂಜಿನಿನ ದೋಷಗಳಲ್ಲಿ ಬಹುಪಾಲು ಈ ನಾಲ್ಕರಲ್ಲಿ ಒಂದರ ಕೊರತೆಯೇ. ಪರೀಕ್ಷೆಯ ನಿಯಮವೂ ಸುಲಭ: ಖರ್ಚಿಲ್ಲದುದನ್ನು, ಕೈಗೆ ಎಟುಕುವುದನ್ನು ಮೊದಲು ನೋಡಬೇಕು, ಬಿಚ್ಚಿ ನೋಡಬೇಕಾದುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು.

ರೋಗವಲ್ಲದುದನ್ನು ರೋಗವೆಂದು ಭಾವಿಸಲೂ ಬಾರದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯು ಕಡಲತೀರದ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಮಂಗಳೂರಿನಿಂದ ಬಂದ ಟರ್ಬೋ ಇಲ್ಲದ ಕಾರು ಇಲ್ಲಿ ಸ್ವಲ್ಪ ಬಲಗುಂದಿದಂತೆ ತೋರಿದರೆ ಅದು ಊರಿನ ಗುಣವೇ ಹೊರತು ಇಂಜಿನಿನ ದೋಷವಲ್ಲ. ಹಾಗೆಯೇ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನ ಸಮಾರಂಭದಲ್ಲೇ, ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿಯು ಒಂದು ಲೀಟರು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಆದುದರಿಂದ ಈ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡ 7ರಷ್ಟು ಶಕ್ತಿ ಕಡಮೆ. ಮೈಲೇಜು ಇಷ್ಟರಮಟ್ಟಿಗೆ ಇಳಿದರೆ ಗಾಬರಿಪಡಬೇಕಾಗಿಲ್ಲ. ಆದರೆ ಹಳೆಯ ಕಾರಿನ ರಬ್ಬರು ಕೊಳವೆಗಳಿಗೆ ಎಥನಾಲು ಒಗ್ಗದಿರುವುದುಂಟು. ಬಾನೆಟ್ಟಿನ ಬಳಿ ಪೆಟ್ರೋಲಿನ ವಾಸನೆಯು ಬಂದರೆ ಕಾರನ್ನು ನಡೆಸದೆ ತೋರಿಸತಕ್ಕದ್ದು.

ಈಗ ರೋಗಗಳನ್ನು ಒಂದೊಂದಾಗಿ ನೋಡೋಣ. ಎಲ್ಲಕ್ಕಿಂತ ಸಾಮಾನ್ಯವಾದುದು, ಬೆಳಗ್ಗೆ ಇಂಜಿನು ಹೊರಡದಿರುವುದು. ಇಲ್ಲಿ ಕಿವಿಯೇ ವೈದ್ಯ. ಕೀಲಿಯನ್ನು ತಿರುಗಿಸಿದಾಗ ‘ಟಿಕ್ ಟಿಕ್’ ಎಂದು ನಿಂತುಹೋದರೆ, ಅಥವಾ ಇಂಜಿನು ನಿದ್ದೆಗಣ್ಣಿನಲ್ಲಿ ಎದ್ದಂತೆ ಮೆಲ್ಲಗೆ ತಿರುಗಿದರೆ, ಮೊದಲು ಸಂಶಯಪಡಬೇಕಾದುದು ಬ್ಯಾಟರಿಯನ್ನು. ನಾಲ್ಕನೆಯ ಬ್ಲಾಕಿನಿಂದ ಸೌತ್ ಎಂಡ್ ವೃತ್ತದವರೆಗೆ ಹೋಗಿಬರುವಷ್ಟು ಸಣ್ಣ ಓಡಾಟದಲ್ಲಿ, ಹೊರಡುವಾಗ ಖರ್ಚಾದ ವಿದ್ಯುತ್ತು ಮರಳಿ ತುಂಬುವುದಿಲ್ಲ. ಮೆಟ್ರೋದಲ್ಲಿ ಕಚೇರಿಗೆ ಹೋಗುವವರ ಕಾರು ವಾರವಿಡೀ ನಿಂತಿದ್ದು ತಾನಾಗಿಯೇ ಸೊರಗುತ್ತದೆ. ಕೆಲವು ನೂರು ರೂಪಾಯಿಗಳಿಗೆ ಸಿಗುವ ಮಲ್ಟಿಮೀಟರಿನಿಂದ ಅಳೆದರೆ, ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿಯು 12.6 ವೋಲ್ಟು ತೋರಿಸುತ್ತದೆ, 12.2 ಎಂದರೆ ಅರ್ಧ ಬರಿದಾಗಿದೆ. ಇಂಜಿನು ನಡೆಯುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರಬೇಕು. ಆಗಲೂ 12ರ ಆಸುಪಾಸಿನಲ್ಲೇ ನಿಂತಿದ್ದರೆ, ದೋಷವು ಬ್ಯಾಟರಿಯದಲ್ಲ, ಅದನ್ನು ತುಂಬಬೇಕಾದ ಆಲ್ಟರ್ನೇಟರಿನದು. ಈ ಒಂದು ಅಳತೆಯನ್ನು ಮಾಡದೆ ಹೊಸ ಬ್ಯಾಟರಿಯನ್ನು ಕೊಂಡವರು, ಕೆಲವೇ ದಿನಗಳಲ್ಲಿ ಅದೂ ಬರಿದಾಗಿರುವುದನ್ನು ಕಾಣುತ್ತಾರೆ. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸುರು ಕಿಲುಬು ಕಟ್ಟಿದ್ದರೆ ಅದನ್ನು ತೆಗೆದರೇ ಎಷ್ಟೋ ವೇಳೆ ವಾಸಿಯಾಗುತ್ತದೆ.

ಇಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯು ನಿರಪರಾಧಿ. ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿ ಸುಮ್ಮನಿದ್ದು ಆಲಿಸಿದರೆ, ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡುಗಳ ಕಾಲ ಪೆಟ್ರೋಲು ಪಂಪಿನ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ಅದು ಎಂದಿನಂತೆ ಕೇಳಿಸದಿದ್ದರೆ ಪಂಪಿನ ಫ್ಯೂಸನ್ನು ನೋಡಬೇಕು. ಜಯನಗರದ ಮರಗಳ ನೆರಳಿನಲ್ಲಿ ಬಹುದಿನ ನಿಂತ ಕಾರುಗಳಲ್ಲಿ ಇನ್ನೊಂದು ಕಾರಣವುಂಟು: ಇಲಿಗಳು ಬಾನೆಟ್ಟಿನೊಳಗೆ ಸೇರಿ ತಂತಿಗಳನ್ನು ಕಡಿದುಹಾಕುತ್ತವೆ. ಕಡಿದ ತಂತಿಯ ಚೂರು, ಹಿಕ್ಕೆ, ಒಣಗಿದ ಎಲೆಗಳ ಗೂಡು ಕಂಡರೆ ನಿದಾನವು ಮುಗಿದಂತೆಯೇ.

ಎರಡನೆಯದು, ಹೊರಟ ಇಂಜಿನು ನಡುಗುವುದು. ಮಾರುತಿ 800ರಂತೆ ಮೂರು ಸಿಲಿಂಡರುಗಳುಳ್ಳ ಇಂಜಿನಿನಲ್ಲಿ ಒಂದು ಕೆಲಸ ಬಿಟ್ಟರೆ ಬಲದ ಮೂರನೆಯ ಒಂದು ಪಾಲು ಹೋದಂತೆ, ಕಾರೆಲ್ಲ ನಡುಗುತ್ತದೆ. ಇಲ್ಲಿ ಹೊಸ ಕಾಲದ ಒಂದು ಉಪಕಾರವನ್ನು ಹೇಳಬೇಕು. ನಮ್ಮ ದೇಶದಲ್ಲಿ 2010ರಿಂದ ಹಂತಹಂತವಾಗಿ, ತನ್ನ ದೋಷವನ್ನು ತಾನೇ ಬರೆದಿಡುವ ಏರ್ಪಾಡು ಹೊಸ ಕಾರುಗಳಿಗೆ ಬಂದಿದೆ. ಸ್ಟೀರಿಂಗಿನ ಕೆಳಗೆ 16 ರಂಧ್ರಗಳ ಒಂದು ಸಾಕೆಟ್ಟು ಇರುತ್ತದೆ. ಅಗ್ಗದ ಒಂದು ಬ್ಲೂಟೂತ್ ಉಪಕರಣವನ್ನು ಅದಕ್ಕೆ ಸಿಕ್ಕಿಸಿದರೆ ಆ ಬರಹವನ್ನು ಮೊಬೈಲಿನಲ್ಲಿ ಓದಬಹುದು. ಪಿ 0301 ಎಂದರೆ ಒಂದನೆಯ ಸಿಲಿಂಡರು ಹೊತ್ತಿಕೊಳ್ಳುತ್ತಿಲ್ಲ. ಪಿ 0302 ಎಂದರೆ ಎರಡನೆಯದು.

ಆದರೆ ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಸಂಕೇತವು ಹೇಳುವುದು ರೂಪವನ್ನು, ನಿದಾನವನ್ನಲ್ಲ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂದಷ್ಟೇ ಅರ್ಥ. ಬಿರುಕುಬಿಟ್ಟ ರಬ್ಬರು ಕೊಳವೆಯಿಂದ ಗಾಳಿ ನುಗ್ಗುತ್ತಿರಬಹುದು, ಗಾಳಿಯನ್ನು ಅಳೆಯುವ ಸೆನ್ಸರು ಕೊಳೆಯಾಗಿರಬಹುದು, ಪಂಪು ದುರ್ಬಲವಾಗಿರಬಹುದು. ಸಂಕೇತವನ್ನು ಕಂಡೊಡನೆ ಸೆನ್ಸರನ್ನು ಕೊಳ್ಳುವುದು, ಜ್ವರ ಬಂದಿತೆಂದು ಥರ್ಮಾಮೀಟರನ್ನು ಬದಲಾಯಿಸಿದಂತೆ. ಉಪಶಯದಿಂದ ಖಚಿತಮಾಡಿಕೊಳ್ಳಬೇಕು. ಒಂದನೆಯ ಸಿಲಿಂಡರಿನ ಕಿಡಿಯ ಕಾಯಿಲನ್ನು, ಇಂಜಿನು ತಣ್ಣಗಿರುವಾಗ, ಎರಡನೆಯದರೊಡನೆ ಅದಲುಬದಲು ಮಾಡಿ ಓಡಿಸಿ ನೋಡಬೇಕು. ಸಂಕೇತವು 0301ರಿಂದ 0302ಕ್ಕೆ ಹೋದರೆ ಕಾಯಿಲೇ ಅಪರಾಧಿ. ಅಲ್ಲೇ ನಿಂತರೆ ಸ್ಪಾರ್ಕ್ ಪ್ಲಗ್ಗು, ಇಂಜೆಕ್ಟರು, ಕೊನೆಗೆ ಒತ್ತಡ ಇವುಗಳನ್ನು ವಿಚಾರಿಸಬೇಕು. ಒಂದು ಪೈಸೆಯ ಖರ್ಚಿಲ್ಲದೆ ನಿರ್ಣಯವಾಯಿತಷ್ಟೆ. ಹಳದಿಯ ಇಂಜಿನು ದೀಪವು ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಅದು ಮಿನುಗುತ್ತಿದ್ದರೆ, ಉರಿಯದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಬೆಲೆಬಾಳುವ ಶೋಧಕವನ್ನು ಸುಡುತ್ತಿದೆಯೆಂದು ತಿಳಿದು ನಿಲ್ಲಿಸುವುದು ಲೇಸು.

ಮೂರನೆಯದು, ಕಾವೇರುವುದು. ಇದಕ್ಕೆ ನಮ್ಮ ರಸ್ತೆಗಳೇ ಪ್ರಯೋಗಶಾಲೆ. ಸಿಲ್ಕ್ ಬೋರ್ಡ್ ಕೂಟದಲ್ಲಿ ನಿಂತು ನಿಂತು ಸಾಗುವಾಗ ಕಾವು ಏರಿ, ನೈಸ್ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಇಳಿದರೆ, ಬೀಸುವ ಗಾಳಿಯಿಂದ ರೇಡಿಯೇಟರು ತಣಿಯುತ್ತಿದೆ, ಫ್ಯಾನು ಮಾತ್ರ ತಿರುಗುತ್ತಿಲ್ಲ ಎಂದು ಅರ್ಥ. ಎ.ಸಿ. ಹಾಕಿದರೆ ಅನೇಕ ಕಾರುಗಳಲ್ಲಿ ಫ್ಯಾನು ತಿರುಗಲೇಬೇಕು; ದೂರದಿಂದ ನೋಡಿ ಇದನ್ನು ಖಚಿತಮಾಡಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ ಸಿಗ್ನಲಿನಲ್ಲಿ ಸರಿಯಾಗಿದ್ದು ವೇಗದಲ್ಲಿ ಕಾವೇರಿದರೆ, ಕೂಲೆಂಟು ಕಡಮೆಯಾಗಿರಬೇಕು, ಇಲ್ಲವೇ ರೇಡಿಯೇಟರು ಅಥವಾ ಥರ್ಮೋಸ್ಟಾಟು ಕಟ್ಟಿಕೊಂಡಿರಬೇಕು. ಒಂದೇ ಮುಳ್ಳು, ಎರಡು ರಸ್ತೆ, ಎರಡು ಬೇರೆ ರೋಗ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನದು ಕುದಿಯದೆ ನಿಂತಿರುತ್ತದೆ. ಕಾದಾಗ ಆ ಮುಚ್ಚಳವನ್ನು ತೆರೆದರೆ ಅದೆಲ್ಲವೂ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪೂರ್ಣವಾಗಿ ತಣ್ಣಗಾಗುವವರೆಗೆ ಅದನ್ನು ಮುಟ್ಟಕೂಡದು.

ನಾಲ್ಕನೆಯದು ಹೊಗೆ. ಡಿಸೆಂಬರಿನ ಬೆಳಗ್ಗೆ ತೆಳುವಾದ ಬಿಳಿಯ ಆವಿಯು ಬಂದು ಮಾಯವಾದರೆ ಅದು ಸಹಜ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರೇ ಆವಿಯಾಗಿ ಹುಟ್ಟುತ್ತದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆ, ಸಿಹಿ ವಾಸನೆ ಇದ್ದರೆ ಕೂಲೆಂಟು ಒಳಗೆ ಸೇರಿ ಸುಡುತ್ತಿದೆ. ನೀಲಿಯ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಅಥವಾ ಗಾಳಿಯ ಫಿಲ್ಟರು ಮುಚ್ಚಿದೆ. ಹೊಗೆ ತಪಾಸಣೆಯ ಚೀಟಿಯನ್ನೂ ಪೋಲೀಸರಿಗೆ ತೋರಿಸುವುದಕ್ಕಷ್ಟೇ ಇಟ್ಟುಕೊಳ್ಳದೆ, ವೈದ್ಯರ ಲ್ಯಾಬೊರೇಟರಿ ವರದಿಯಂತೆ ಓದಬಹುದು. ಹಿಂದಿನ ಚೀಟಿಗಿಂತ ಹೈಡ್ರೋಕಾರ್ಬನ್ನು ಬಹಳ ಏರಿದ್ದರೆ ಪೆಟ್ರೋಲು ಉರಿಯದೆ ಹೋಗುತ್ತಿರುವುದಕ್ಕೂ, ಕಾರ್ಬನ್ ಮಾನಾಕ್ಸೈಡು ಏರಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಿರುವುದಕ್ಕೂ ಅದು ಸುಳಿವು.

ಎಣ್ಣೆಯನ್ನು ಸಮನೆಲದಲ್ಲಿ, ಇಂಜಿನನ್ನು ನಿಲ್ಲಿಸಿ ಕೆಲವು ನಿಮಿಷಗಳಾದ ಮೇಲೆ ಅಳತೆಕಡ್ಡಿಯಿಂದ ನೋಡತಕ್ಕದ್ದು. ಡಿಕಾಕ್ಷನ್ನಿನಂತೆ ಕಪ್ಪಾಗಿದ್ದ ಮಾತ್ರಕ್ಕೆ ಕೆಟ್ಟಿತೆನ್ನಲಾಗದು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ನೀರು ಸೇರಿರುವುದರಿಂದ ಅಪಾಯ. ಓಡುತ್ತಿರುವಾಗ ಕೆಂಪು ಎಣ್ಣೆದೀಪ ಹತ್ತಿದರೆ “ಇನ್ನೇನು ಮನೆ ಬಂತು” ಎನ್ನಬಾರದು. ಎಣ್ಣೆಯ ಒತ್ತಡವಿಲ್ಲದೆ ಲೋಹವು ಲೋಹವನ್ನು ಉಜ್ಜುವಾಗ ಒಂದೆರಡು ಕಿಲೋಮೀಟರು ಓಡಿದರೂ ಇಂಜಿನು ಹಾಳಾಗಬಹುದು. ಬಡಿಗಲ್ಲಿನ ಮೇಲೆ ಬಡಿದಂತೆ ಭಾರವಾದ ಸದ್ದು ಇಂಜಿನಿನ ಆಳದಿಂದ ಬಂದಾಗಲೂ ಹಾಗೆಯೇ.

ಮಳೆಯ ವಿಷಯವನ್ನೂ ಹೇಳಬೇಕು. 2025ರ ಮೇ ತಿಂಗಳಿನ ಮಳೆಯಲ್ಲಿ ಬಿ.ಟಿ.ಎಂ. ಮತ್ತು ಸಿಲ್ಕ್ ಬೋರ್ಡ್ ಸುತ್ತಮುತ್ತ ನೀರು ನಿಂತುದನ್ನು ಎಲ್ಲರೂ ಬಲ್ಲರು. ನೀರಿನಲ್ಲಿ ನಿಂತುಹೋದ ಇಂಜಿನನ್ನು ಮತ್ತೆ ಹೊರಡಿಸಲು ಯತ್ನಿಸಲೇಕೂಡದು. ಗಾಳಿಯನ್ನು ಹತ್ತನೆಯ ಒಂದು ಪಾಲಿಗೆ ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದಾಗ ಕೀಲಿ ತಿರುಗಿಸಿದರೆ ಒಳಗಿನ ಉಕ್ಕಿನ ದಂಡವೇ ಬಾಗುತ್ತದೆ. ಇಂಜಿನಿನ ರಕ್ಷಣೆಗೆಂದು ಬೇರೆಯಾಗಿ ಹಣ ಕಟ್ಟದಿದ್ದರೆ, ಈ ನಷ್ಟವನ್ನು ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ. ನೂಕಿಸಿಯೋ ಎಳೆಸಿಯೋ ಕೊಂಡೊಯ್ಯುವುದೇ ಸರಿ.

ಪರೀಕ್ಷೆ ಮಾಡುವವರು ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಂಜಿನನ್ನು ನಡೆಸುತ್ತ ನಿಲ್ಲಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೀರೆಯ ಸೆರಗು, ದುಪಟ್ಟ, ಸಡಿಲವಾದ ತೋಳು ಬೆಲ್ಟಿನ ಬಳಿ ಸುಳಿಯಬಾರದು. ಇಂಜಿನು ನಿಂತ ಮೇಲೂ ಫ್ಯಾನು ತಾನಾಗಿ ತಿರುಗುವುದುಂಟು. ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಲೇಬಾರದು. ವಾರಂಟಿಯುಳ್ಳ ಕಾರಿನಲ್ಲಿ ಏನನ್ನೂ ಬಿಚ್ಚದಿರುವುದು ಮೇಲು.

ಕಾರಿನಲ್ಲಿ ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಂಡು, ದೋಷವು ಕಂಡಾಗ ದಿನಾಂಕ, ಇಂಜಿನು ತಣ್ಣಗಿತ್ತೋ ಬಿಸಿಯಾಗಿತ್ತೋ, ನಿಂತಿದ್ದಾಗಲೋ ಓಡುವಾಗಲೋ, ಯಾವ ದೀಪ, ಯಾವ ಸಂಕೇತ ಎಂಬುದನ್ನು ಬರೆದಿಡಬೇಕು. “ಬೆಳಗ್ಗೆ ತಣ್ಣಗಿರುವಾಗ ಐದು ನಿಮಿಷ ನಡುಗುತ್ತದೆ, ಬಿಸಿಯಾದರೆ ಸರಿಹೋಗುತ್ತದೆ, ಸಂಕೇತ ಪಿ 0302, ಕಾಯಿಲು ಬದಲಾಯಿಸಿ ನೋಡಿದರೂ ಅಲ್ಲೇ ಇದೆ” ಎಂದು ಹೇಳುವವರ ಕಾರಿಗೆ ಮೆಕ್ಯಾನಿಕನು ಊಹೆಯಿಂದ ಕೈಹಾಕಬೇಕಾಗಿಲ್ಲ. ಬಲ್ಲ ಕೆಲಸಗಾರನಿಗೆ ಇಂಥ ಗಿರಾಕಿಯ ವಿಷಯದಲ್ಲಿ ಗೌರವವೂ ಹುಟ್ಟುತ್ತದೆ. ಅವನ ಸಮಯವೂ ನಮ್ಮ ಹಣವೂ ಉಳಿಯುತ್ತವೆ.