ಲೈನಿಂಗ್ ಬಟ್ಟೆಯನ್ನು ಮೊದಲು ನೀರಿಗೆ ಹಾಕುವುದೇಕೆ?

ರವಿಕೆ ಹೊಲಿಯುವ ಮೊದಲು ಹತ್ತಿಯ ಲೈನಿಂಗನ್ನು ನೆನೆಸುವುದು ಅದು ಮುಂದೆ ಕುಗ್ಗದಿರಲೆಂದು. ನೇಯುವಾಗ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದಾಗ ಎಳೆ ಉಬ್ಬಿ, ಬಿಗಿತ ಸಡಿಲಿ, ಬಟ್ಟೆ ಗಿಡ್ಡವಾಗುತ್ತದೆ. ಮೇಲಿನ ಪಾಲಿಯೆಸ್ಟರ್ ಬಟ್ಟೆ ಅಷ್ಟಾಗಿ ಕುಗ್ಗದು. ಹಾಗಾಗಿ ನೆನೆಸದೆ ಹೊಲಿದ ರವಿಕೆ ಮೊದಲ ಒಗೆತಕ್ಕೇ ಸುಕ್ಕುಗಟ್ಟಿ, ಕಂಕುಳಲ್ಲಿ ಹಿಡಿಯತೊಡಗುತ್ತದೆ. ನೂರಕ್ಕೆ ಮೂರರಷ್ಟು ಕುಗ್ಗಿದರೂ 36 ಇಂಚಿನ ಎದೆಯಳತೆಯಲ್ಲಿ ಒಂದಿಂಚು ಹೋದಂತೆ.

ಮಲ್ಲಂದೂರಿನಂಥ ಕಾಫಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಅರೆ ಒಣಗಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಬೇಕಾದಷ್ಟನ್ನು ಬೇಸಿಗೆಯಲ್ಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಇಷ್ಟಾದರೂ ಪಕ್ಕದ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡಲೇಬೇಕು. ಮುಂದೆ ಮೈ ತುಂಬಿಕೊಂಡಾಗ ರವಿಕೆಯನ್ನು ಮನೆಯಲ್ಲೇ ಬಿಚ್ಚಿ ಸಡಿಲಿಸಲು ಅದೇ ಸುಲಭದ ದಾರಿ.