ಮೇಲಿನ ಷಡ್ಜ ಎಲ್ಲಿದೆ?

ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗೆ ಗಿಟಾರ್ ಹೇಳಿಕೊಡಲು ಕೂತ ಮೊದಲ ದಿನವೇ ಜಗಳ. ‘ಮೇಲಿನ ತಂತಿ ಮೀಟು’ ಅಂದೆ. ಅವನು ತನ್ನ ಗಲ್ಲಕ್ಕೆ ಹತ್ತಿರವಿದ್ದ, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದ. ಗುಂಯ್ ಅಂತು. ‘ಅದಲ್ಲೋ, ಮೇಲಿನದು!’ ಅಂದೆ. ‘ಇದೇ ಅಲ್ವೇನೋ ಮೇಲಿರೋದು? ನಿಂಗೆ ಕಣ್ಣು ಕಾಣಲ್ವಾ?’ ಅಂದ.

ಕಣ್ಣಿಗೆ ಅವನು ಸರಿ, ಕಿವಿಗೆ ನಾನು ಸರಿ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ ಎಲ್ಲಕ್ಕಿಂತ ಮೇಲೆ ಬರುವ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಎಲ್ಲಕ್ಕಿಂತ ಕೆಳಗಿರುವುದು ಸುಮಾರು 330 ಸಲ. ಅಂದರೆ ನಾವು ‘ಮೇಲಿನ ಸ್ವರ’ ಅನ್ನುವುದು ಕೂತಿರುವುದು ಕೆಳಗಿನ ತಂತಿಯಲ್ಲಿ! ಪ್ರಾಚೀನ ಗ್ರೀಕರ ಲೈರ್ ವಾದ್ಯದಲ್ಲೂ ಇದೇ ಗೋಜಲಿತ್ತಂತೆ. ಅವರು ‘ಅತಿ ಮೇಲಿನದು’ ಎಂಬ ಅರ್ಥದ ಹೆಸರಿಟ್ಟಿದ್ದ ತಂತಿ ಹೊರಡಿಸುತ್ತಿದ್ದದ್ದು ಮಂದ್ರ ಸ್ವರ. ಹೆಸರು ತಂತಿಯ ಜಾಗಕ್ಕೆ, ನಾದಕ್ಕಲ್ಲ.

ರೂಮ್‌ಮೇಟ್ ನಕ್ಕು ಮಲಗಿದ. ನನಗೆ ಮಾತ್ರ ಹಳೆಯದೊಂದು ನೆನಪು ಕುಟುಕತೊಡಗಿತು. ಹದಿಮೂರನೇ ವಯಸ್ಸಿನಲ್ಲಿ ನಾನು ಸಂಗೀತದ ಕ್ಲಾಸ್ ಬಿಟ್ಟಿದ್ದೇ ಈ ‘ಮೇಲೆ’ ಎಂಬ ಪದದ ದೆಸೆಯಿಂದ.

ಅಷ್ಟೊತ್ತಿಗೆ ಸರಳೆ, ಜಂಟಿ ದಾಟಿ ಹೆಚ್ಚುಸ್ಥಾಯಿ ವರಸೆಗಳನ್ನೆಲ್ಲ ಮುಗಿಸಿದ್ದೆ. ಇದ್ದಕ್ಕಿದ್ದಂತೆ ದನಿ ಒಡೆಯಿತು. ನಿನ್ನೆಯವರೆಗೆ ಆರಾಮಾಗಿ ಸಿಗುತ್ತಿದ್ದ ತಾರಷಡ್ಜ ಕೈಕೊಟ್ಟಿತು. ‘ಇನ್ನೂ ಮೇಲೆ, ಇನ್ನೂ ಮೇಲೆ’ ಅಂತ ಹೇಳಿಸುತ್ತಿದ್ದರು. ನಾನು ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವವನಂತೆ ಗಲ್ಲ ಎತ್ತುತ್ತಿದ್ದೆ, ಹುಬ್ಬು ಎತ್ತುತ್ತಿದ್ದೆ, ಭುಜವನ್ನೂ ಎತ್ತುತ್ತಿದ್ದೆ. ಗಂಟಲು ಬಿಗಿದು ಕೊನೆಗೆ ಹುಂಜದ ಮರಿ ಕೂಗಿದಂಥ ಸದ್ದು. ಹಿಂದಿನ ಸಾಲಿನವರೆಲ್ಲ ಕಿಸಕ್ಕೆಂದರು. ಮನೆಯಲ್ಲಿ ‘ಓದೋದು ಜಾಸ್ತಿ ಇದೆ’ ಅಂದು ಕ್ಲಾಸಿಗೆ ಚಕ್ಕರ್ ಹೊಡೆದವನು ಮತ್ತೆ ಹೋಗಲಿಲ್ಲ.

ಸ್ವರಕ್ಕೆ ಎತ್ತರ ಕೊಟ್ಟವರು ಯಾರು ಅಂತ ಹುಡುಕುತ್ತಾ ಹೋದಾಗ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಸಿಕ್ಕಿತು. ಸಾರಾ ಡಾಲ್‌ಶೈಡ್ ಮತ್ತು ಸಂಗಡಿಗರು ಮಾಡಿದ್ದು. ಡಚ್ಚರು ನಮ್ಮಂತೆಯೇ ಸ್ವರವನ್ನು ಎತ್ತರ, ತಗ್ಗು ಅನ್ನುತ್ತಾರೆ. ಪರ್ಷಿಯನ್ ಭಾಷೆಯವರು ತೆಳು, ದಪ್ಪ ಅನ್ನುತ್ತಾರೆ. ಎರಡೂ ಗುಂಪಿನವರಿಗೆ ಒಂದು ಸ್ವರ ಕೇಳಿಸಿ, ಜೊತೆಗೆ ಪರದೆಯ ಮೇಲೆ ಒಂದು ಗೆರೆ ತೋರಿಸಿ, ಕೇಳಿದ ಸ್ವರವನ್ನೇ ತಿರುಗಿ ಹಾಡಿ ಅಂದರು. ಗೆರೆ ಮೇಲಿದ್ದಾಗ ಡಚ್ಚರ ಸ್ವರ ಅವರಿಗೇ ತಿಳಿಯದಂತೆ ತುಸು ಏರುತ್ತಿತ್ತು, ಕೆಳಗಿದ್ದಾಗ ಇಳಿಯುತ್ತಿತ್ತು. ಗೆರೆಯ ದಪ್ಪ ಅವರನ್ನು ಅಲುಗಿಸಲಿಲ್ಲ. ಪರ್ಷಿಯನ್ನರದ್ದು ಉಲ್ಟಾ: ಗೆರೆ ದಪ್ಪವಾದರೆ ಸ್ವರ ಇಳಿಯಿತು, ಎತ್ತರಕ್ಕೆ ಅವರು ಕ್ಯಾರೇ ಅನ್ನಲಿಲ್ಲ. ಕೆಲವು ಡಚ್ಚರಿಗೆ ತೆಳು–ದಪ್ಪದ ಮಾತಿನಲ್ಲಿ ಸ್ವರವನ್ನು ವರ್ಣಿಸುವ ಅಭ್ಯಾಸ ಮಾಡಿಸಿದಾಗ ಅವರೂ ಪರ್ಷಿಯನ್ನರಂತೆ ಹಾಡತೊಡಗಿದರು!

ಹಾಗಂತ ಇದೆಲ್ಲ ಬರೀ ಭಾಷೆಯ ಆಟವೂ ಅಲ್ಲ. ಇನ್ನೂ ಮಾತೇ ಬಾರದ ನಾಲ್ಕು ತಿಂಗಳ ಶಿಶುಗಳಲ್ಲೂ ಎತ್ತರ, ದಪ್ಪ ಎರಡರ ನಂಟೂ ಇದೆಯೆಂದು ಮರುವರ್ಷ ಇನ್ನೊಂದು ಪ್ರಯೋಗದಲ್ಲಿ ಕಂಡುಬಂತು. ಎರಡೂ ಹುಟ್ಟಿನಿಂದ ಬಂದಿರಬಹುದು. ಭಾಷೆ ಒಂದನ್ನು ಮುದ್ದು ಮಾಡಿ ಇನ್ನೊಂದನ್ನು ಮೂಲೆಗೆ ಕೂರಿಸುತ್ತದೆ.

ಕನ್ನಡ ಎರಡನ್ನೂ ಸಾಕಿದೆ ಅನ್ನಿಸುತ್ತದೆ. ಸಂಗೀತದ ಕ್ಲಾಸಿನಲ್ಲಿ ಆರೋಹಣ, ಅವರೋಹಣ, ಹೆಚ್ಚುಸ್ಥಾಯಿ, ತಗ್ಗುಸ್ಥಾಯಿ. ಭರತನ ನಾಟ್ಯಶಾಸ್ತ್ರವೂ ಮಂದ್ರಕ್ಕೆ ಎದೆ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ಎಂದು ಜಾಗ ಹಂಚಿದೆ. ಆದರೆ ಮದುವೆ ಮನೆಯಲ್ಲಿ ಸೋಬಾನೆ ಹೇಳುವ ನಮ್ಮಜ್ಜಿ ಸಂಗೀತ ಕಲಿತವಳಲ್ಲ. ಅವಳ ಪ್ರಕಾರ ಅವಳದ್ದು ‘ದಪ್ಪ ಕಂಠ’, ಅವಳ ತಂಗಿಯದ್ದು ‘ಸಣ್ಣ ಕಂಠ’. ಮೇಲೆ ಕೆಳಗೆ ಎಂಬ ಮಾತೇ ಇಲ್ಲ. ‘ದನಿ ಏರಿಸಬೇಡ’ ಅಂತ ಅವಳು ಗದರಿದರೆ ಅದು ಶ್ರುತಿಗಲ್ಲ, ಸದ್ದಿಗೆ.

ವಾದ್ಯಗಳನ್ನು ಕೇಳಿದರೆ ಇನ್ನೂ ಗೊಂದಲ. ಪಿಟೀಲಿನ ತಲೆಯನ್ನು ಪಾದಕ್ಕೆ ಊರಿ ನುಡಿಸುವ ನಮ್ಮ ಕಛೇರಿಯ ಕಲಾವಿದರ ಬೆರಳು ತಾರಸ್ಥಾಯಿಗೆ ಎದೆಯತ್ತ ಮೇಲೇರುತ್ತದೆ. ಚೆಲ್ಲೋ ನುಡಿಸುವವರ ಕೈ ಅದಕ್ಕೇ ಕೆಳಗಿಳಿಯುತ್ತದೆ. ಹಾರ್ಮೋನಿಯಂನಲ್ಲಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಬಲಕ್ಕೆ ಸರಿಯುವುದಷ್ಟೇ.

ಇನ್ನು ಗಂಟಲು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಸ್ವರ ಏರಿಸುವಾಗ ಧ್ವನಿತಂತುಗಳು ಎಲ್ಲಿಗೂ ಹತ್ತಬೇಕಿಲ್ಲ. ಅವು ಹಿಗ್ಗಿ, ಬಿಗಿಯಾಗಿ, ತೆಳುವಾಗುತ್ತವೆ. ಹುಡುಗರ ದನಿ ಒಡೆಯುವ ವಯಸ್ಸಿನಲ್ಲಿ ಅವೇ ತಂತುಗಳು ಉದ್ದವಾಗಿ, ದಪ್ಪಗಾಗಿ ಬೆಳೆಯುತ್ತವೆ. ಅಜ್ಜಿಯ ‘ದಪ್ಪ ಕಂಠ’ ಉಪಮೆಯೇ ಅಲ್ಲ, ಹೆಚ್ಚುಕಡಿಮೆ ಅಂಗರಚನಾಶಾಸ್ತ್ರ! ಆಗ ನನಗೆ ‘ಮೇಲೆ’ ಅನ್ನುವ ಬದಲು ‘ತೆಳುವಾಗಿ’ ಅಂದಿದ್ದರೆ ಗಲ್ಲ ಎತ್ತುತ್ತಿದ್ದೆನೇ?

ಒಂದು ಭಾನುವಾರ, ರೂಮ್‌ಮೇಟ್ ಊರಿಗೆ ಹೋಗಿದ್ದಾಗ ಬಾಗಿಲು ಹಾಕಿಕೊಂಡೆ. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಹಾಕಿ, ಗಲ್ಲ ಕೆಳಗಿಟ್ಟು, ದಾರವೊಂದನ್ನು ಎಳೆದು ಸಣ್ಣ ಮಾಡುತ್ತಿದ್ದೇನೆ ಅಂದುಕೊಂಡು ಮಧ್ಯಷಡ್ಜದಿಂದ ಹೊರಟೆ. ತಾರಷಡ್ಜ ಬಂತು. ನಡುಗುತ್ತಿತ್ತು, ಆದರೆ ಬಂತು. ಪದ ಬದಲಾಯಿಸಿದ್ದಕ್ಕೆ ಬಂತೋ, ಇಪ್ಪತ್ತಕ್ಕೆ ಗಂಟಲು ತಾನಾಗಿ ಮಾಗಿದ್ದಕ್ಕೋ ಹೇಳಲಾರೆ. ಒಂದೇ ಪ್ರಯೋಗದಲ್ಲಿ ಎರಡು ವೇರಿಯಬಲ್ ಬದಲಾಗಿವೆ, ಲ್ಯಾಬ್‌ನಲ್ಲಾಗಿದ್ದರೆ ರೆಕಾರ್ಡ್ ಬುಕ್ ವಾಪಸ್ ಬರುತ್ತಿತ್ತು.

ಅದೇ ಸಂಜೆ ಅಜ್ಜಿಗೆ ಫೋನ್ ಮಾಡಿ ಹಾಡಿ ತೋರಿಸಿದೆ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ. ಸುಮ್ಮನೆ ಕೇಳಿಸಿಕೊಂಡು, ‘ಇನ್ನೊಂಚೂರು ಏರಿಸು ಮಗಾ’ ಅಂದಳು. ಶ್ರುತಿಯೋ, ಸದ್ದೋ ಗೊತ್ತಾಗಲಿಲ್ಲ. ಎರಡನ್ನೂ ಏರಿಸಿದೆ.